ಕಾರ್ವೆಟ್‌ನ ಎಂಜಿನ್ ಹಿಂದಕ್ಕೆ ಹೋಯಿತು, ಜಗಳ ಗೇರ್ ರಾಡಿನ ಹತ್ತಿರವೇ ನಿಂತಿದೆ

ಅಮೆರಿಕದ ಷೆವರ್ಲೆ ಕಂಪನಿ ತನ್ನ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ 2026ರ ಮಾಡೆಲ್‌ಗೆ ಒಳಗಿನ ಡ್ಯಾಶ್‌ಬೋರ್ಡನ್ನು ಹೊಸದಾಗಿ ಮಾಡಿಸಿದೆ. ಈಗ ಮೂರು ಡಿಜಿಟಲ್ ಪರದೆಗಳಿವೆ. ಡ್ರೈವರ್ ಮತ್ತು ಪಕ್ಕದ ಸೀಟಿನ ನಡುವೆ ಗೋಡೆಯ ಹಾಗೆ ನಿಂತಿದ್ದ ಉದ್ದನೆಯ ಬಟನ್ ಸಾಲು ಹೋಗಿದೆ. ಹೊರಗಿನವರಿಗೆ ಇದೇನು ದೊಡ್ಡ ಸುದ್ದಿ ಅನ್ನಿಸಲ್ಲ. ಕಾರ್ವೆಟ್ ಅಭಿಮಾನಿಗಳ ಪಾಲಿಗೆ ಮಾತ್ರ ಇದು ಆರು ವರ್ಷದಿಂದ ನಡೆಯುತ್ತಿದ್ದ ಜಗಳದಲ್ಲಿ ಸಿಕ್ಕ ಗೆಲುವು.

ಈ ಜಗಳ ಶುರುವಾಗಿದ್ದು 2019ರ ಜುಲೈ 18ರಂದು, ಕ್ಯಾಲಿಫೋರ್ನಿಯಾದ ಟಸ್ಟಿನ್ ಊರಿನಲ್ಲಿ. ಒಂದು ಕಾಲದಲ್ಲಿ ನೌಕಾಪಡೆಯ ಗಾಳಿಹಡಗುಗಳನ್ನು ನಿಲ್ಲಿಸುತ್ತಿದ್ದ ದೊಡ್ಡ ಶೆಡ್ಡಿನಲ್ಲಿ ಎಂಟನೇ ತಲೆಮಾರಿನ ಕಾರ್ವೆಟ್ ಪರದೆಯಿಂದ ಹೊರಗೆ ಬಂತು. ಅಭಿಮಾನಿಗಳು ಇದನ್ನು ಚಿಕ್ಕದಾಗಿ ಸಿ8 ಅನ್ನುತ್ತಾರೆ. 66 ವರ್ಷ ಮುಂದಿದ್ದ ಎಂಜಿನ್ ಮೊದಲ ಸಲ ಡ್ರೈವರ್ ಬೆನ್ನ ಹಿಂದಕ್ಕೆ ಹೋಗಿತ್ತು. ಅಂದು ರಾತ್ರಿಯಿಂದಲೇ ದೂರುಗಳು ಬರತೊಡಗಿದವು. ಫೆರಾರಿಯ ನಕಲು. ಹಿಂಭಾಗ ದಪ್ಪ. ಗೇರ್ ರಾಡ್ ಎಲ್ಲಿ? ಈ ಬಟನ್‌ಗಳೇನು, ಲಿಫ್ಟಿನದಾ? ಕೊನೆಗೆ, ಇದು ಕಾರ್ವೆಟ್ಟೇ ಅಲ್ಲ.

ಇಷ್ಟು ದೂರುಗಳಲ್ಲಿ ಯಾವುದು ಉಳಿಯಿತು, ಯಾವುದು ಸತ್ತುಹೋಯಿತು ಅಂತ ಈಗ ನೋಡಬಹುದು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂಜಿನ್ನಿನ ಜಾಗದ್ದು. ಆ ಜಗಳವೇ ಎಲ್ಲಕ್ಕಿಂತ ಬೇಗ ಮುಗಿಯಿತು. ನೋಟದ ಬಗೆಗಿನ ಗೊಣಗಾಟವೂ ಹೆಚ್ಚುಕಡಿಮೆ ತಣ್ಣಗಾಗಿದೆ. ಕೈಗೆ ಸಂಬಂಧಪಟ್ಟ ಎರಡು ದೂರುಗಳು ಮಾತ್ರ ಬಿಡಲಿಲ್ಲ: ಬಟನ್ ಮತ್ತು ಗೇರ್. ಕಣ್ಣು ಯಾವುದಕ್ಕಾದರೂ ಒಗ್ಗಿಕೊಳ್ಳುತ್ತೆ, ಕೈ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ ಅನ್ನುವುದು ಇದನ್ನೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು.

ಕಾರ್ವೆಟ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟವಾದ ಕಾರಲ್ಲ. ಷೆವರ್ಲೆಯೇ 2017ರ ಕೊನೆಗೆ ಇಲ್ಲಿ ಅಂಗಡಿ ಮುಚ್ಚಿತು. ಹಾಗಾಗಿ ಇಲ್ಲಿನ ಕಾರು ಹುಚ್ಚರಿಗೆ ಇದರ ಪರಿಚಯ ಆಗಿರುವುದು ಜಾಸ್ತಿ ವಿಡಿಯೊಗಳಲ್ಲಿ, ಗೇಮ್‌ಗಳಲ್ಲಿ. ಅಮೆರಿಕದಲ್ಲಿ ಇದರ ಸ್ಥಾನವೇ ಬೇರೆ. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಇದನ್ನು ಮೊದಲು ತೋರಿಸಿದರು. ಆ ವರ್ಷ ತಯಾರಾಗಿದ್ದು 300 ಮಾತ್ರ. ಎಲ್ಲವೂ ಬಿಳಿ, ಒಳಗೆ ಕೆಂಪು. ನಂತರ ಅದು ದುಡಿದು ಮೇಲೆ ಬಂದವನು ಐವತ್ತು ದಾಟಿದ ಮೇಲೆ ತನಗೆ ತಾನೇ ಕೊಟ್ಟುಕೊಳ್ಳುವ ಬಹುಮಾನ ಆಯಿತು. ಉದ್ದ ಮೂತಿ, ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್, ಯುರೋಪಿನ ಕಾರುಗಳ ಅರ್ಧಕ್ಕಿಂತ ಕಡಿಮೆ ಬೆಲೆ. ಕಾರ್ವೆಟ್ ಅಂದರೆ ಅಭಿಮಾನಿಗಳ ತಲೆಯಲ್ಲಿ ಇದ್ದದ್ದು ಇಷ್ಟು. ಸಿ8ರಲ್ಲಿ ಉದ್ದ ಮೂತಿ ಹೋಯಿತು.

ಆದರೆ ಎಂಜಿನ್ ಹಿಂದಿಡುವ ಆಸೆ ಹೊಸದೇನಲ್ಲ. ಅದು ಜೋರಾ ಆರ್ಕಸ್-ಡುಂಟಾವ್ ಅನ್ನುವ ಎಂಜಿನಿಯರನ ಕನಸು. ಬೆಲ್ಜಿಯಂನಲ್ಲಿ ಹುಟ್ಟಿದ, ರಷ್ಯನ್ ಮೂಲದ ಯಹೂದಿ. 1953ರಲ್ಲಿ ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್ ಸೇರಿದ. ಲೆ ಮಾನ್ಸ್ ರೇಸಿನಲ್ಲಿ ಸ್ವತಃ ಓಡಿಸಿದವನು. 1957ರಲ್ಲಿ ಸೆಬ್ರಿಂಗ್ ರೇಸಿಗೆ ಅವನ ತಂಡ ಕಟ್ಟಿದ ಕಾರ್ವೆಟ್ ಎಸ್‌ಎಸ್ ಕಾರಿನೊಳಗೆ ಮುಂದಿನ ಎಂಜಿನ್ನಿನ ಬಿಸಿ ತಡೆಯಲಾಗದಷ್ಟು ಏರಿತು. ಡ್ರೈವರ್ ಕಾಲು ಸುಡುವ ಹಾಗಾಯಿತು. ಕಾರು ರೇಸ್ ಮುಗಿಸಲಿಲ್ಲ. ಎಂಜಿನ್ ಡ್ರೈವರ್ ಹಿಂದಿದ್ದರೆ ಬಿಸಿಯೂ ಹಿಂದೆ, ತೂಕವೂ ಹಿಂದೆ ಅನ್ನುವುದು ಅವನ ಲೆಕ್ಕ.

ಅಲ್ಲಿಂದ ಅವನು ಬಿಡಲಿಲ್ಲ. 1960ರಲ್ಲಿ ಸರ್ವ್-1, 1964ರಲ್ಲಿ ಸರ್ವ್-2, 1970ರಲ್ಲಿ ನ್ಯೂಯಾರ್ಕಿನ ಆಟೊ ಶೋದಲ್ಲಿ ಎಕ್ಸ್‌ಪಿ-882. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎಂಜಿನ್ ಇರುವ, ಅಂದರೆ ಮಿಡ್-ಎಂಜಿನ್ ಕಾರುಗಳನ್ನು ಒಂದಾದ ಮೇಲೊಂದು ಕಟ್ಟಿ ತೋರಿಸಿದ. ಎಪ್ಪತ್ತರ ದಶಕದ ಏರೋವೆಟ್ ಅನ್ನುವ ಕಾರನ್ನು ತಯಾರಿಸಿ ಮಾರುವ ಮಾತೂ ಒಂದು ಹಂತದಲ್ಲಿ ನಡೆದಿತ್ತು. ಪ್ರತಿ ಸಲವೂ ಮೇಲಿನವರ ಉತ್ತರ ಒಂದೇ: ಈಗಿನ ಕಾರು ಚೆನ್ನಾಗಿ ಮಾರಾಟವಾಗುತ್ತಿದೆ, ಸುಮ್ನೆ ಯಾಕೆ ಖರ್ಚು? ಡುಂಟಾವ್ 1975ರಲ್ಲಿ ನಿವೃತ್ತನಾದ, 1996ರಲ್ಲಿ ತೀರಿಕೊಂಡ. ಅವನ ಚಿತಾಭಸ್ಮ ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿರುವ ಕಾರ್ವೆಟ್ ಮ್ಯೂಸಿಯಂನಲ್ಲಿದೆ. ಕಾರು ತಯಾರಾಗುವ ಕಾರ್ಖಾನೆಯೂ ಅದೇ ಊರಿನಲ್ಲಿ.

ಎಂಜಿನ್ನಿನ ಜಾಗದ ಜಗಳ ಬೇಗ ಮುಗಿಯಲು ಇದೇ ಒಂದು ಕಾರಣ. ಹಳೆಯ ಅಭಿಮಾನಿಗಳಲ್ಲಿ ಡುಂಟಾವ್ ಕಥೆ ಗೊತ್ತಿಲ್ಲದವರಿಲ್ಲ. "ಇದು ಕಾರ್ವೆಟ್ಟೇ ಅಲ್ಲ" ಅಂದವರಿಗೆ "ಕಾರ್ವೆಟ್‌ನ ಹಿರಿಯನೇ ಇದನ್ನು ಕೇಳಿದ್ದ" ಅನ್ನುವ ಉತ್ತರ ಸಿದ್ಧವಿತ್ತು. ಅಮೆರಿಕದವರಿಗೆ ಮಿಡ್-ಎಂಜಿನ್ ಅಪರೂಪವೂ ಅಲ್ಲ. ಫೋರ್ಡ್ ಜಿಟಿ40 ಲೆ ಮಾನ್ಸ್‌ನಲ್ಲಿ 1966ರಿಂದ 1969ರವರೆಗೆ ಸತತ ಗೆದ್ದದ್ದು ಹೀಗೇ. ಜನರಲ್ ಮೋಟಾರ್ಸೇ 1984ರಲ್ಲಿ ಪಾಂಟಿಯಾಕ್ ಫಿಯೆರೊ ಮಾರಿತ್ತು. ಅದರ ಎಂಜಿನ್‌ಗೆ ಬೆಂಕಿ ಹತ್ತಿಕೊಳ್ಳುವ ಸುದ್ದಿಗಳು ಬಂದು ಹೆಸರು ಕೆಟ್ಟಿದ್ದು ಬೇರೆ ಮಾತು. ಹಾಗೆ ನೋಡಿದರೆ ನಮ್ಮ ಮಾರುತಿ ಓಮ್ನಿಯೂ ಲೆಕ್ಕಕ್ಕೆ ಮಿಡ್-ಎಂಜಿನ್ನೇ. ಎಂಜಿನ್ ಮುಂದಿನ ಸೀಟಿನ ಕೆಳಗೆ, ಓಡುವುದು ಹಿಂದಿನ ಚಕ್ರ. ಬೇಸಿಗೆಯಲ್ಲಿ ಅದರ ಮುಂದಿನ ಸೀಟಿನಲ್ಲಿ ಕೂತವರಿಗೆ ಡುಂಟಾವ್ ಸಂಕಟ ಚೆನ್ನಾಗಿ ಅರ್ಥವಾಗುತ್ತೆ.

ಇನ್ನೊಂದು ಕಾರಣ ಭೌತಶಾಸ್ತ್ರ. ಮಳೆಗಾಲದಲ್ಲಿ ಕೆಸರಿನ ಏರಿನಲ್ಲಿ ಖಾಲಿ ಪಿಕಪ್ ಗಾಡಿಯ ಹಿಂದಿನ ಚಕ್ರ ಇದ್ದಲ್ಲೇ ತಿರುಗುತ್ತದೆ. ಹಿಂದೆ ನಾಲ್ಕು ಮೂಟೆ ಹೇರಿದರೆ ಹತ್ತುತ್ತದೆ. ಕಾರ್ವೆಟ್ಟನ್ನು ತಳ್ಳುವುದೂ ಹಿಂದಿನ ಚಕ್ರವೇ. ಏಳನೇ ತಲೆಮಾರಿನ ಕೊನೆಯ ಝಡ್‌ಆರ್1 ಮಾಡೆಲ್ ಹೊತ್ತಿಗೆ ಶಕ್ತಿ 755 ಅಶ್ವಶಕ್ತಿಗೆ ಏರಿತ್ತು. ಅಷ್ಟನ್ನು ರಸ್ತೆಗೆ ಇಳಿಸಲು ಹಿಂದಿನ ಟೈರುಗಳಿಗೆ ಆಗುತ್ತಿರಲಿಲ್ಲ. ಎಷ್ಟು ಶಕ್ತಿ ಸೇರಿಸಿದರೂ ಟೈರು ತಿರುಗಿ ಹೊಗೆ ಬರುವುದಷ್ಟೇ. ಸಿ8ರಲ್ಲಿ ತೂಕದ ಹಂಚಿಕೆ ಮುಂದೆ 40, ಹಿಂದೆ 60 ಆಸುಪಾಸು. ಅದರ ಫಲ ಮೊದಲ ದಿನವೇ ಕಂಡಿತು. ಸಾಧಾರಣ ಮಾಡೆಲ್ಲೇ ಝಡ್51 ಅನ್ನುವ ಪರ್ಫಾರ್ಮೆನ್ಸ್ ಪ್ಯಾಕೇಜ್ ಹಾಕಿಸಿದರೆ 495 ಅಶ್ವಶಕ್ತಿಯಲ್ಲಿ ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ 2.9 ಸೆಕೆಂಡಿನಲ್ಲಿ ಹೋಗುತ್ತಿತ್ತು. ಸ್ಟಾಪ್‌ವಾಚಿನ ಎದುರು ವಾದ ಮಾಡುವುದು ಕಷ್ಟ, ಅಲ್ವಾ?

ಹಾಗಾದರೆ ಫೆರಾರಿ ನಕಲು ಅನ್ನುವ ದೂರು? ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ತಪ್ಪು ವಿನ್ಯಾಸಕಾರರದ್ದು ಅನ್ನುವುದು ಸರಿಯಲ್ಲ. ಎಂಜಿನ್ ಹಿಂದೆ ಇಟ್ಟ ಕೂಡಲೇ ಕಾರಿನ ಆಕಾರ ಅರ್ಧ ತೀರ್ಮಾನವಾಗಿಬಿಡುತ್ತದೆ. ಸಿ8ರಲ್ಲಿ ಡ್ರೈವರ್ ಸೀಟು ಹಿಂದಿನ ಮಾಡೆಲ್‌ಗಿಂತ ಸುಮಾರು 42 ಸೆಂಟಿಮೀಟರ್ ಮುಂದಕ್ಕೆ ಬಂತು. ಮೂತಿ ಗಿಡ್ಡವಾಗಲೇಬೇಕು. ಪಕ್ಕದಲ್ಲಿ ಎಂಜಿನ್‌ಗೆ ಗಾಳಿ ನುಗ್ಗುವ ದೊಡ್ಡ ಬಾಯಿ ಇರಲೇಬೇಕು. ಹಿಂದಿನ ಗಾಜಿನ ಕೆಳಗೆ ಎಂಜಿನ್ ಕಾಣಲೇಬೇಕು. ಫೆರಾರಿ, ಲ್ಯಾಂಬೊರ್ಗಿನಿ, ಮೆಕ್ಲಾರೆನ್ ಎಲ್ಲವೂ ದೂರದಿಂದ ಒಂದೇ ಥರ ಕಾಣಲು ಕಾರಣ ಇದೇ. ಅಲ್ಲದೆ 1953ರ ಕಾರ್ವೆಟ್ ಹುಟ್ಟಿದ್ದೇ ಯುರೋಪಿನ ಸ್ಪೋರ್ಟ್ಸ್ ಕಾರುಗಳನ್ನು ನೋಡಿ. ಯುದ್ಧ ಮುಗಿಸಿ ಬಂದ ಸೈನಿಕರು ಅಲ್ಲಿನ ಚಿಕ್ಕ ಕಾರುಗಳ ರುಚಿ ಹತ್ತಿಸಿಕೊಂಡು ಬಂದಿದ್ದರು. ನಮ್ಮಲ್ಲೂ ಒಂದು ಇರಲಿ ಅಂತ ಜನರಲ್ ಮೋಟಾರ್ಸ್‌ನ ಆಗಿನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಅದನ್ನು ಮಾಡಿಸಿದ. ನಕಲು ಅನ್ನುವುದಾದರೆ ಆ ಲೆಕ್ಕ ಮೊದಲ ದಿನದಿಂದಲೇ ಹಿಡಿಯಬೇಕು.

ಹಿಂಭಾಗದ ದೂರು ನನಗೆ ಹೆಚ್ಚು ಇಷ್ಟ, ಯಾಕೆಂದರೆ ಅದರ ಕಾರಣ ತಮಾಷೆಯಾಗಿದೆ. ಸಿ8ರ ಬೆನ್ನು ನಿಜವಾಗಿಯೂ ಭಾರ. ಗೆರೆಗಳು ಜಾಸ್ತಿ, ಮೂಲೆಗಳು ಜಾಸ್ತಿ, ಚೌಕನೆಯ ದೀಪಗಳು. ಅಷ್ಟು ಅಗಲ ಬೇಕಾಗಿದ್ದು ಗಾಲ್ಫ್ ಆಡುವವರಿಗಾಗಿ. ಕಾರ್ವೆಟ್ ಕೊಳ್ಳುವವರಲ್ಲಿ ಬಹಳ ಜನ ವಯಸ್ಸಾದವರು. ಅವರಿಗೆ ಎರಡು ಗಾಲ್ಫ್ ಬ್ಯಾಗ್ ಹಿಡಿಸುವ ಡಿಕ್ಕಿ ಬೇಕು. ಛಾವಣಿಯನ್ನು ಕೈಯಲ್ಲೇ ಬಿಚ್ಚಿ ಇಡಲು ಜಾಗವೂ ಬೇಕು, ಅದು ಕಾರ್ವೆಟ್‌ನ ಹಳೆಯ ಸೌಲಭ್ಯ. ಎಂಜಿನ್ನಿನ ಹಿಂದೆ ಇಷ್ಟಕ್ಕೂ ಜಾಗ ಮಾಡಿದರೆ ಬೆನ್ನು ತೆಳ್ಳಗೆ ಬರುವುದು ಹೇಗೆ? ಫೆರಾರಿಗೆ ಈ ತಲೆನೋವಿಲ್ಲ. ಸಿ8ರ ಮುಂದೆಯೂ ಒಂದು ಸಣ್ಣ ಡಿಕ್ಕಿ ಇದೆ. ಅದು ಓಡುವಾಗಲೇ ತೆರೆದುಕೊಂಡು ಗಾಜಿಗೆ ಅಡ್ಡ ಬಂದ ಪ್ರಕರಣಗಳು ನಡೆದವು. ಕಂಪನಿ 2020ರಲ್ಲಿ ಕಾರುಗಳನ್ನು ವಾಪಸ್ ಕರೆದು ಸಾಫ್ಟ್‌ವೇರ್ ಬದಲಿಸಿತು. ಆಮೇಲೆ ಮುಂದಿನ ಡಿಕ್ಕಿ ತೆರೆದಿದ್ದರೆ ಗಂಟೆಗೆ 42 ಕಿ.ಮೀ.ಗಿಂತ ಜೋರಾಗಿ ಓಡುವುದಿಲ್ಲ. ವೇಗದ ಕಾರಿಗೆ ಇಂಥ ಮೂಗುದಾರ!

ನೋಟದ ಜಗಳಗಳು ಹೇಗೆ ಸಾಯುತ್ತವೆ ಅನ್ನುವುದಕ್ಕೆ ಕಾರ್ವೆಟ್‌ನ ಹಳೆಯ ಕಥೆಗಳೇ ಸಾಕ್ಷಿ. 1963ರ ಸ್ಟಿಂಗ್ ರೇ ಮಾಡೆಲ್‌ನ ಹಿಂದಿನ ಗಾಜನ್ನು ಮಧ್ಯದಲ್ಲೊಂದು ಪಟ್ಟಿ ಸೀಳುತ್ತಿತ್ತು. ವಿನ್ಯಾಸ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಅದು ಜೀವ. ಡುಂಟಾವ್‌ಗೆ ಕಂಡರಾಗದು, ಹಿಂದೆ ಏನೂ ಕಾಣಿಸಲ್ಲ ಅಂತ. ಇಬ್ಬರೂ ಜಗಳವಾಡಿದರು. ಒಂದೇ ವರ್ಷಕ್ಕೆ ಪಟ್ಟಿ ಹೋಯಿತು. ಆಗ ಕೆಲವು ಮಾಲೀಕರು ತಮ್ಮ 1963ರ ಕಾರಿನ ಪಟ್ಟಿಯನ್ನು ಕತ್ತರಿಸಿ ತೆಗೆದು, ಮುಂದಿನ ವರ್ಷದ ಒಂದೇ ಗಾಜನ್ನು ಕೂರಿಸಿಕೊಂಡರು. ಇವತ್ತು ಆ ಪಟ್ಟಿ ಇರುವ 1963ರ ಕಾರು ಸಂಗ್ರಹಕಾರರು ಎಲ್ಲಕ್ಕಿಂತ ಹೆಚ್ಚು ಹುಡುಕುವ ಕಾರ್ವೆಟ್‌ಗಳಲ್ಲೊಂದು. ಕತ್ತರಿಸಿದವರ ಮನೆಯವರು ಏನಂದುಕೊಳ್ಳುತ್ತಾರೋ.

2005ರಲ್ಲಿ ಮಡಚಿ ಏಳುವ ಹೆಡ್‌ಲೈಟ್ ಹೋದಾಗಲೂ ಗಲಾಟೆಯಾಯಿತು. 1963ರಿಂದ ಮುಚ್ಚಿಕೊಂಡೇ ಇದ್ದ ದೀಪ ಅದು. 2014ರ ಸಿ7ರಲ್ಲಿ ದುಂಡನೆಯ ಹಿಂದಿನ ದೀಪ ಹೋಗಿ ಚೌಕ ಬಂದಾಗ, ಷೆವರ್ಲೆಯದೇ ಇನ್ನೊಂದು ಕಾರಾದ ಕಮಾರೊದ್ದನ್ನು ತಂದು ಅಂಟಿಸಿದ್ದಾರೆ ಅಂತ ಬೈದರು. ತಮಾಷೆ ನೋಡಿ: ಸಿ8 ಬಂದಾಗ ಅದೇ ಸಿ7 "ನಿಜವಾದ ಕೊನೆಯ ಕಾರ್ವೆಟ್" ಆಗಿಹೋಗಿತ್ತು. ಐದೇ ವರ್ಷ ಸಾಕಾಯಿತು.

ಕೈಯ ವಿಷಯಕ್ಕೆ ಬರೋಣ. ಸಿ8ರಲ್ಲಿ ಕ್ಲಚ್ ಪೆಡಲ್ ಇಲ್ಲ, ಗೇರ್ ರಾಡ್ ಇಲ್ಲ. ಇರುವುದು ಎಂಟು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಟ್ರೆಮೆಕ್ ಕಂಪನಿ ಮಾಡಿಕೊಟ್ಟದ್ದು. ಎರಡು ಕ್ಲಚ್‌ಗಳಲ್ಲಿ ಒಂದು ಈಗಿನ ಗೇರನ್ನು ಹಿಡಿದಿರುವಾಗ ಇನ್ನೊಂದು ಮುಂದಿನ ಗೇರನ್ನು ತಯಾರಾಗಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಯಾವ ಮನುಷ್ಯನ ಕೈಯೂ ಅಷ್ಟು ಬೇಗ ಹಾಕಲಾರದು. ಬೇಕಿದ್ದರೆ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಎಳೆದು ನೀವೇ ಬದಲಿಸಬಹುದು.

ಕಂಪನಿಯ ವಾದದಲ್ಲಿ ಹುರುಳಿದೆ. ಹಿಂದಿನ ಮಾಡೆಲ್‌ನಲ್ಲೇ ಮ್ಯಾನ್ಯುಯಲ್ ಗೇರ್ ಕೊಳ್ಳುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಮಿಡ್-ಎಂಜಿನ್ ಕಾರಿಗೆ ಹಳೆಯ ಗೇರ್‌ಬಾಕ್ಸ್ ಹೊಂದುವುದಿಲ್ಲ, ಹೊಸದು ಮಾಡಿಸಬೇಕು. ಅಷ್ಟು ಕಡಿಮೆ ಸಂಖ್ಯೆಗೆ ಯಾರು ಮಾಡಿಕೊಡುತ್ತಾರೆ? ಇದಕ್ಕಿಂತ ದೊಡ್ಡ ಅಡ್ಡಿ ಕಾರಿನ ಮೈಯಲ್ಲೇ ಇದೆ. ಸಿ8ರ ಬೆನ್ನೆಲುಬು ಎರಡು ಸೀಟಿನ ನಡುವೆ ಹಾದುಹೋಗುವ ಅಲ್ಯೂಮಿನಿಯಂ ಸುರಂಗ. ಛಾವಣಿ ಬಿಚ್ಚಿದರೂ ಕಾರು ಗಟ್ಟಿಯಾಗಿ ನಿಲ್ಲುವುದು ಅದರ ಬಲದಿಂದ. ಗೇರ್ ರಾಡ್‌ಗೆ ಅಂತ ಅದರಲ್ಲಿ ತೂತು ಕೊರೆದರೆ ಆ ಬಲ ಕಡಿಮೆಯಾಗುತ್ತದೆ. ಮೂರನೇ ಪೆಡಲ್‌ಗೂ ಕಾಲ ಬಳಿ ಜಾಗ ಹುಡುಕಬೇಕು.

ಇತಿಹಾಸ ಗೊತ್ತಿದ್ದವರು ಇನ್ನೊಂದು ಮಾತು ಎತ್ತುತ್ತಾರೆ. 1953ರ ಆ 300 ಕಾರುಗಳಿಗೂ ಎರಡು ಗೇರಿನ ಆಟೊಮ್ಯಾಟಿಕ್ಕೇ ಇತ್ತು. ಎಂಜಿನ್ನೂ ವಿ8 ಅಲ್ಲ, ಆರು ಸಿಲಿಂಡರಿನದು. 1982ರಲ್ಲಿಯೂ ಆಟೊಮ್ಯಾಟಿಕ್ ಬಿಟ್ಟು ಬೇರೆ ಸಿಗುತ್ತಿರಲಿಲ್ಲ. ಹಾಗಿರುವಾಗ ಮ್ಯಾನ್ಯುಯಲ್ ಇಲ್ಲದ್ದು ಕಾರ್ವೆಟ್ ಅಲ್ಲ ಅನ್ನುವುದು ಹೇಗೆ? ವಾದ ಚೆನ್ನಾಗಿದೆ. ಆದರೂ ದೂರು ಸಾಯಲಿಲ್ಲ. ಯಾಕೆಂದರೆ ಅದು ಇತಿಹಾಸದ ದೂರಲ್ಲ. ಕ್ಲಚ್ ಒತ್ತಿ, ಮೂರನೇ ಗೇರಿಂದ ಎರಡಕ್ಕೆ ಎಳೆದು, ಸರಿಯಾದ ಹೊತ್ತಿಗೆ ಆಕ್ಸಿಲರೇಟರ್ ಒಂದು ತಟ್ಟು ತಟ್ಟಿ ಕ್ಲಚ್ ಬಿಟ್ಟಾಗ ಒಂದು ಖುಷಿ ಇದೆ. ಗಾಡಿಯನ್ನು ನಾನೇ ಓಡಿಸಿದೆ ಅನ್ನುವ ಖುಷಿ. 2.9 ಸೆಕೆಂಡು ಅನ್ನುವ ಅಂಕಿಯಿಂದ ಅದು ತುಂಬುವುದಿಲ್ಲ. ನಮ್ಮ ಘಾಟಿಗಳಲ್ಲಿ ಗಾಡಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಜಗಳದಲ್ಲಿ ಅಭಿಮಾನಿಗಳು ಗೆದ್ದ ಉದಾಹರಣೆಯೂ ಇದೆ. ಪೋರ್ಷೆ 2013ರಲ್ಲಿ 911 ಜಿಟಿ3 ಕಾರನ್ನು ಡ್ಯುಯಲ್ ಕ್ಲಚ್‌ನಲ್ಲಿ ಮಾತ್ರ ತಂದಿತು. ಇದೇ ಬೈಗುಳ ತಿಂದಿತು. 2017ರಲ್ಲಿ ಮ್ಯಾನ್ಯುಯಲ್ ಗೇರ್ ವಾಪಸ್ ಬಂತು. ಆದರೆ ಪೋರ್ಷೆಯ 911 ಸಾಲಿನಲ್ಲಿ ಮ್ಯಾನ್ಯುಯಲ್ ಎಂದೂ ನಿಂತೇ ಇರಲಿಲ್ಲ. ತೂತೂ ಇತ್ತು, ಪೆಡಲ್‌ಗೆ ಜಾಗವೂ ಇತ್ತು. ಸಿ8ರಲ್ಲಿ ಅವೆರಡೂ ಇಲ್ಲ. ಹಾಗಾಗಿ ಈ ತಲೆಮಾರಿನಲ್ಲಿ ಗೇರ್ ರಾಡ್ ಬರುತ್ತೆ ಅಂತ ಕಾಯುವುದು ವ್ಯರ್ಥ.

ಬಟನ್ ಗೋಡೆಯ ಕಥೆ ಬೇರೆ. ಅದನ್ನು ಬದಲಿಸಲು ಕಾರಿನ ಮೈ ಮುಟ್ಟಬೇಕಿರಲಿಲ್ಲ. ಎಸಿ, ಫ್ಯಾನ್, ಸೀಟಿನ ಬಿಸಿ, ಸೀಟಿನ ತಂಪು, ಎಲ್ಲವೂ ಒಂದರ ಹಿಂದೆ ಒಂದು, ಡ್ಯಾಶ್‌ಬೋರ್ಡಿನಿಂದ ಮೊಣಕೈವರೆಗೆ ಇಳಿಜಾರಾಗಿ ಇಳಿದು ಬರುತ್ತಿದ್ದವು. ಒಂದೇ ಆಕಾರ, ಒಂದೇ ಸಾಲು. ಬೆರಳಿನಿಂದ ತಡವಿದರೆ ಯಾವುದು ಯಾವುದೆಂದು ತಿಳಿಯದು. ಫ್ಯಾನ್ ಕಡಿಮೆ ಮಾಡಲು ರಸ್ತೆಯಿಂದ ಕಣ್ಣು ತೆಗೆದು ಕೆಳಗೆ ನೋಡಬೇಕು. ಪಕ್ಕದಲ್ಲಿ ಕೂತವರಿಗೆ ಆ ದಿಬ್ಬ ದಾಟಿ ಏನೂ ಎಟಕದು. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತ ಹಾಗೆ. ಡ್ರೈವರ್‌ಗೆ ಫೈಟರ್ ವಿಮಾನದಲ್ಲಿ ಕೂತ ಅನುಭವ ಕೊಡುವುದು ಉದ್ದೇಶವಾಗಿತ್ತು. ಫೋಟೊದಲ್ಲಿ ಅದು ಚೆನ್ನಾಗಿಯೂ ಕಾಣುತ್ತಿತ್ತು. ಆದರೆ ದಿನಾ ಓಡಿಸುವವರ ದೂರು ಫೋಟೊ ನೋಡಿದವರ ದೂರಿನ ಹಾಗೆ ತಣ್ಣಗಾಗಲಿಲ್ಲ. ಗೋಡೆ ಹೋದ ಮೇಲೆ ಈಗ "ಅದೇ ಚೆನ್ನಾಗಿತ್ತು, ಎಲ್ಲ ಪರದೆ ಆಗಿಬಿಟ್ಟಿತು" ಅನ್ನುವವರೂ ಹುಟ್ಟಿಕೊಂಡಿದ್ದಾರೆ. ಅದು ಇದ್ದದ್ದೇ.

ಬೆಲೆಯ ಬಗ್ಗೆ ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗದು. ಟಸ್ಟಿನ್‌ನಲ್ಲಿ ಅಂದು ಜನ ಜೋರಾಗಿ ಕೂಗಿದ್ದು 60 ಸಾವಿರ ಡಾಲರ್‌ಗಿಂತ ಕಡಿಮೆ ಅನ್ನುವ ಮಾತು ಕೇಳಿದಾಗ. ಆಗಿನ ಲೆಕ್ಕಕ್ಕೆ ಸುಮಾರು 41 ಲಕ್ಷ ರೂಪಾಯಿ. ಫೆರಾರಿಯ ಮಿಡ್-ಎಂಜಿನ್ ಕಾರಿಗೆ ಎರಡೂವರೆ ಲಕ್ಷ ಡಾಲರಿಗೂ ಜಾಸ್ತಿ ಇತ್ತು. ಎಂಜಿನ್ ಹಿಂದೆ ಹೋದರೆ ಬೆಲೆ ಸಾಮಾನ್ಯರ ಕೈ ಮೀರುತ್ತದೆ ಅನ್ನುವುದೇ ಹಳೆಯ ಅಭಿಮಾನಿಗಳ ದೊಡ್ಡ ಭಯವಾಗಿತ್ತು. ಆ ಭಯ ಹೋದ ಕೂಡಲೇ ಅರ್ಧ ವಿರೋಧವೂ ಹೋಯಿತು ಅಂತ ನನ್ನ ಅಂದಾಜು. ಆದರೆ ಶೋರೂಮಿನಲ್ಲಿ ಕಥೆ ಬೇರೆಯಾಯಿತು. 2019ರ ಕಾರ್ಮಿಕ ಮುಷ್ಕರದಿಂದ ತಯಾರಿ 2020ರ ಫೆಬ್ರವರಿಗೆ ಹೋಯಿತು. ಹಿಂದೆಯೇ ಕೋವಿಡ್ ಬಂತು. ಕಾರು ಕಡಿಮೆ, ಕೇಳುವವರು ಜಾಸ್ತಿ. ಎಷ್ಟೋ ಡೀಲರ್‌ಗಳು ಬೆಲೆಯ ಮೇಲೆ ಸಾವಿರಾರು ಡಾಲರ್ ಮೇಲುದುಡ್ಡು ಕೇಳಿದರು. ಆಗ ಅಭಿಮಾನಿಗಳ ಸಿಟ್ಟು ವಿನ್ಯಾಸ ಬಿಟ್ಟು ಡೀಲರ್ ಕಡೆ ತಿರುಗಿತು. ಕಾರಿನ ಮೇಲಿನ ಸಿಟ್ಟು ಇಳಿಯಲು ಇದಕ್ಕಿಂತ ಒಳ್ಳೆಯ ಉಪಾಯ ಬೇರಿಲ್ಲ!

ನಂತರ ಬಂದ ಮಾಡೆಲ್‌ಗಳು ಉಳಿದ ಬಾಯಿಗಳನ್ನೂ ಮುಚ್ಚಿಸಿದವು. 670 ಅಶ್ವಶಕ್ತಿಯ ಝಡ್06ರ ಎಂಜಿನ್ ನಿಮಿಷಕ್ಕೆ 8,600 ಸುತ್ತಿನವರೆಗೆ ಕಿರುಚುತ್ತದೆ. ಮುಂದಿನ ಚಕ್ರಕ್ಕೆ ವಿದ್ಯುತ್ ಮೋಟಾರ್ ಕೂರಿಸಿದ ಇ-ರೇ, ಮೊದಲ ಕಾರ್ವೆಟ್ ತೋರಿಸಿ ಸರಿಯಾಗಿ 70 ವರ್ಷವಾದ ದಿನ ಬಂತು. ಬ್ಯಾಟರಿ ಹಾಕಿದ ಕಾರ್ವೆಟ್‌ಗೆ ದೊಡ್ಡ ಗಲಾಟೆ ಆಗಬೇಕಿತ್ತು. ಆಗಲಿಲ್ಲ. 2024ರಲ್ಲಿ 1,064 ಅಶ್ವಶಕ್ತಿಯ ಝಡ್‌ಆರ್1 ಬಂತು. ಅದರ ಹಿಂದಿನ ಗಾಜಿನ ಮಧ್ಯದಲ್ಲಿ ಕಾರ್ಬನ್ ಫೈಬರಿನ ಪಟ್ಟಿಯೊಂದಿದೆ. ಎಂಜಿನ್ನಿನ ಬಿಸಿ ಹೊರಹೋಗಲು ಅದು ನೆರವಾಗುತ್ತದೆ. 1963ರ ಕಾರಿನಿಂದ ಕೆಲವರು ಕತ್ತರಿಸಿ ಬಿಸಾಕಿದ್ದಂಥದೇ ಪಟ್ಟಿ. ಈ ಸಲ ಅಭಿಮಾನಿಗಳು ಅದಕ್ಕೆ ಚಪ್ಪಾಳೆ ತಟ್ಟಿದರು.

ಮುಂದಿನದು ಒಂಬತ್ತನೇ ತಲೆಮಾರು. 2025ರಲ್ಲಿ ಜನರಲ್ ಮೋಟಾರ್ಸ್ ತನ್ನ ಬ್ರಿಟನ್ ಮತ್ತು ಕ್ಯಾಲಿಫೋರ್ನಿಯಾದ ವಿನ್ಯಾಸ ಕೇಂದ್ರಗಳಿಂದ ಎರಡು ಕಾರ್ವೆಟ್ ಕಾನ್ಸೆಪ್ಟ್‌ಗಳನ್ನು ತೋರಿಸಿತು. ಇವು ಮಾರಾಟಕ್ಕಲ್ಲ ಅಂತಲೂ ಹೇಳಿತು. ಹೊಸ ಕಾರಿನ ಮೈಕಟ್ಟು ತೀರ್ಮಾನವಾಗುವುದು ಅದು ರಸ್ತೆಗೆ ಬರುವ ಎಷ್ಟೋ ವರ್ಷ ಮೊದಲು. ನಡುವಿನ ಸುರಂಗದಲ್ಲಿ ಗೇರ್ ರಾಡ್‌ಗೆ ಜಾಗ ಬಿಡಬೇಕೋ ಬೇಡವೋ ಅನ್ನುವುದೂ ಆಗಲೇ ನಿಶ್ಚಯವಾಗಿಬಿಡುತ್ತದೆ. ಸಿ8ರ ಬಗ್ಗೆ ಅಭಿಮಾನಿಗಳು ಕೂಗಿದ್ದು ಕಾರು ಪರದೆಯಿಂದ ಹೊರಬಂದ ಮೇಲೆ. ಆ ಹೊತ್ತಿಗೆ ತಡವಾಗಿತ್ತು. ಕೂಗುವುದಿದ್ದರೆ ಈಗ ಕೂಗಬೇಕು, ದೀಪದ ಆಕಾರದ ಬಗ್ಗೆ ಅಲ್ಲ, ಆ ತೂತಿನ ಬಗ್ಗೆ.